ದಾರವೋ ದರವೋ: ವಿಡಿಯೊ ಐಡಿಯಾಗೆ ಕೀವರ್ಡ್ ಹುಡುಕುವ ದಾರಿಗಳ ಹೋಲಿಕೆ

ಜನ ಯೂಟ್ಯೂಬ್‌ನಲ್ಲಿ ಹುಡುಕುವ ಪದಗಳನ್ನು, ಅಂದರೆ ಕೀವರ್ಡ್‌ಗಳನ್ನು, ತೋರಿಸುವ ಟೂಲ್ ಒಂದಕ್ಕೆ ಕಟ್ಟಿದ್ದ ವರ್ಷದ ಚಂದಾ ಮೊನ್ನೆ ಮುಗಿಯಿತು. ಮತ್ತೆ ಕಟ್ಟಲಿಲ್ಲ. ಕಟ್ಟುವುದಿಲ್ಲ ಎಂದು ಆರನೇ ತಿಂಗಳಿಗೇ ತೀರ್ಮಾನಿಸಿಯಾಗಿತ್ತು. ಆದರೂ ಕೊಟ್ಟ ದುಡ್ಡು ದಂಡವಾಗಬಾರದೆಂದು ಉಳಿದ ಆರು ತಿಂಗಳು ಅದನ್ನೂ, ದುಡ್ಡು ಕೇಳದ ಬೇರೆ ದಾರಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡಿದೆ. ಯೂಟ್ಯೂಬ್‌ನ ಸರ್ಚ್ ಬಾಕ್ಸ್, ಜೊತೆಗೆ ನನ್ನದೇ ಚಾನೆಲ್‌ನ ಯೂಟ್ಯೂಬ್ ಸ್ಟುಡಿಯೊದಲ್ಲಿ (ಚಾನೆಲ್ ನಡೆಸುವವರು ತಮ್ಮ ವಿಡಿಯೊಗಳ ಲೆಕ್ಕ ನೋಡುವ ಪುಟ) ಸಿಗುವ ಹುಡುಕಾಟದ ಪಟ್ಟಿ: ಈಗ ನಾನು ನೆಚ್ಚಿಕೊಂಡಿರುವುದು ಇವೆರಡನ್ನೇ.

ನನ್ನದು ಹೊಲಿಗೆ ಮಿಷನ್ ರಿಪೇರಿ ಹೇಳಿಕೊಡುವ ಕನ್ನಡ ಚಾನೆಲ್. ಇಂಥ ವಿಡಿಯೊಗಳನ್ನು ಹೊತ್ತು ಕಳೆಯಲು ಯಾರೂ ನೋಡುವುದಿಲ್ಲ. ಅರ್ಧ ಹೊಲಿದ ಬಟ್ಟೆ ಮಿಷನ್ನಿನಲ್ಲಿ ಸಿಕ್ಕಿಕೊಂಡಿರುತ್ತದೆ, ಪಕ್ಕದಲ್ಲಿದ್ದ ಫೋನ್ ತೆಗೆದು ಏನೋ ಟೈಪ್ ಮಾಡುತ್ತಾರೆ. ಆ ‘ಏನೋ’ ಏನೆಂದು ಗೊತ್ತಾದರೆ ನನ್ನ ಮುಂದಿನ ವಿಡಿಯೊ ಸಿಕ್ಕಿದ ಹಾಗೆ. ಹಾಡು, ತಮಾಷೆ, ದಿನಚರಿ ತೋರಿಸುವ ಚಾನೆಲ್‌ಗಳಿಗೆ ನೋಡುಗರು ಹೆಚ್ಚಾಗಿ ಹೋಮ್ ಪೇಜಿನಿಂದಲೋ ಪಕ್ಕದಲ್ಲಿ ಬರುವ ಸಜೆಷನ್‌ನಿಂದಲೋ ಬರುತ್ತಾರೆ. ಅಂಥವರಿಗೆ ಕೀವರ್ಡ್ ಹುಡುಕಾಟದಿಂದ ಅಷ್ಟೇನೂ ಸಿಗುವುದಿಲ್ಲ. ರಿಪೇರಿ, ಪಾಠ, ‘ಹೇಗೆ ಮಾಡುವುದು’ ಎನ್ನುವ ಬಗೆಯ ಚಾನೆಲ್‌ಗಳಿಗೆ ಮಾತ್ರ ಇದೇ ಜೀವಾಳ.

ಮೊದಲು ದುಡ್ಡು ಕೊಟ್ಟ ಟೂಲ್. ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್ ಅದು. ಯೂಟ್ಯೂಬ್‌ನಲ್ಲಿ ಏನಾದರೂ ಹುಡುಕಿದರೆ ಬಲಗಡೆ ಒಂದು ಚೌಕ ತೆರೆದುಕೊಂಡು, ಆ ಪದವನ್ನು ಎಷ್ಟು ಜನ ಹುಡುಕುತ್ತಾರೆ, ಪೈಪೋಟಿ ಎಷ್ಟು, ಎಲ್ಲ ಸೇರಿ ನೂರಕ್ಕೆ ಎಷ್ಟು ಅಂಕ ಎಂದು ತೋರಿಸುತ್ತದೆ. ಹಸಿರು ಬಂದರೆ ವಿಡಿಯೊ ಮಾಡು, ಕೆಂಪು ಬಂದರೆ ಬಿಡು. ಮೊದಲ ವಾರ ನನಗೆ ನಿಧಿ ಸಿಕ್ಕಷ್ಟು ಸಂತೋಷವಾಗಿತ್ತು. ಒಂದು ಪದವನ್ನು ಎಷ್ಟು ಸಲ ಹುಡುಕಿದರು ಎಂಬ ನಿಖರ ಲೆಕ್ಕವನ್ನು ಯೂಟ್ಯೂಬ್ ಸಾರ್ವಜನಿಕವಾಗಿ ಕೊಡುವುದೇ ಇಲ್ಲ, ಹೊರಗಿನ ಟೂಲ್‌ಗಳು ತೋರಿಸುವುದೆಲ್ಲ ಅವರವರ ಅಂದಾಜು ಎಂಬುದು ಆಗ ನನ್ನ ತಲೆಗೆ ಬಂದಿರಲಿಲ್ಲ.

ಕನ್ನಡದವರು ಒಂದೇ ವಿಷಯವನ್ನು ಮೂರು ರೀತಿ ಟೈಪ್ ಮಾಡುತ್ತಾರೆ. ಕೆಲವರು ಕನ್ನಡ ಲಿಪಿಯಲ್ಲಿ, ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಇನ್ನು ಕೆಲವರು ಇಂಗ್ಲಿಷ್ ಪದ ಹಾಕಿ ಕೊನೆಗೆ ‘ಕನ್ನಡ’ ಎಂದು ಸೇರಿಸಿ. ನಾನು ತೆಗೆದುಕೊಂಡ ಟೂಲ್ ಕನ್ನಡ ಲಿಪಿಗೆ ಹೆಚ್ಚಿನ ಸಲ ಸೊನ್ನೆ ತೋರಿಸುತ್ತಿತ್ತು, ಇಲ್ಲವೇ ಚೌಕ ಖಾಲಿ ಬಿಡುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಮಾತ್ರ ಅಂಕ ಬರುತ್ತಿತ್ತು. ಹಾಗಾಗಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ನನಗೆ ರೂಢಿಯಾಯಿತು.

ಒಂದು ದಿನ ‘ಹೊಲಿಗೆ ಮಿಷನ್ ದಾರ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಹಚ್ಚ ಹಸಿರು. ಹುಡುಕುವವರು ಬಹಳ, ಪೈಪೋಟಿ ಕಡಿಮೆ. ಜನ ದಾರದ ಬಗ್ಗೆ ಇಷ್ಟು ಕೇಳುತ್ತಿದ್ದಾರೆ, ಯಾರೂ ಸರಿಯಾಗಿ ಹೇಳಿಲ್ಲ ಎಂದುಕೊಂಡು ಶನಿವಾರ, ಭಾನುವಾರ ಎರಡೂ ದಿನ ಕೂತು ವಿಡಿಯೊ ಮಾಡಿದೆ. ಹತ್ತಿ ದಾರ, ಪಾಲಿಯೆಸ್ಟರ್ ದಾರ, ತೆಳು ಬಟ್ಟೆಗೆ 11ನೇ ನಂಬರಿನ ಸೂಜಿ, ಮಾಮೂಲಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16. ಪ್ರತಿಯೊಂದನ್ನೂ ಹೊಲಿದು, ಹೊಲಿಗೆಯನ್ನು ಹತ್ತಿರದಿಂದ ತೋರಿಸಿ, ಬಟ್ಟೆ ತಿರುಗಿಸಿ ಹಿಂಬದಿಯನ್ನೂ ತೋರಿಸಿದೆ. ಅಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ಅದೇ ಒಳ್ಳೆಯ ವಿಡಿಯೊ. ಈಗಲೂ ಹಾಗೆಯೇ ಅನ್ನಿಸುತ್ತದೆ.

ಜನ ಬಂದರು. ಬಂದವರು ನಿಲ್ಲಲಿಲ್ಲ. ಎಷ್ಟು ಹೊತ್ತು ನೋಡಿದರು ಎಂಬ ಗ್ರಾಫ್ ಮೊದಲ ಅರ್ಧ ನಿಮಿಷದೊಳಗೇ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಮಾತು ಹೆಚ್ಚಾಯಿತೇ, ಬೆಳಕು ಸಾಲದೇ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ವಿಡಿಯೊ ಕೆಳಗೆ ಯಾರೋ ಒಬ್ಬರು ಬರೆದರು: “ಅಕ್ಕಾ, ಪೂರ್ತಿ ನೋಡಿದೆ, ದರ ಎಷ್ಟು ಅಂತ ಹೇಳ್ಲೇ ಇಲ್ವಲ್ಲಾ?”

ಆಗ ಅರ್ಥವಾಯಿತು. ಕನ್ನಡದಲ್ಲಿ ದಾರ ಬೇರೆ, ದರ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಎರಡನ್ನೂ ಡಿ-ಎ-ಆರ್-ಎ ಎಂದೇ ಬರೆಯುತ್ತಾರೆ. ಅಷ್ಟು ಜನ ಹುಡುಕುತ್ತಿದ್ದದ್ದು ಹೊಲಿಗೆ ಮಿಷನ್ನಿನ ಬೆಲೆಯನ್ನು. ಟೂಲ್‌ಗೆ ಅದು ಬರೀ ನಾಲ್ಕು ಅಕ್ಷರ, ಒಂದು ಅಂಕ, ಒಂದು ಹಸಿರು ಬಣ್ಣ. ಮಿಷನ್ ಕೊಳ್ಳಲು ಹೊರಟವರ ಮುಂದೆ ನಾನು ದಾರದ ಉಂಡೆ ಹಿಡಿದುಕೊಂಡು ನಿಂತಿದ್ದೆ. ಟೂಲ್‌ನವರಿಗೆ ಬರೆದು ಕೇಳಿದ್ದಕ್ಕೆ, ಅಂಕವನ್ನು ಮಾರ್ಗದರ್ಶಿಯಾಗಿ ಮಾತ್ರ ನೋಡಬೇಕು ಎಂಬ ಉತ್ತರ ಬಂತು. ಹಣ ಕಟ್ಟುವ ಪುಟದಲ್ಲಿ ಆ ಮಾತು ಇರಲಿಲ್ಲ.

ನನಗೆ ಬೇಸರ ತಂದದ್ದು ಒಂದು ವಿಡಿಯೊ ಕೆಟ್ಟಿತು ಎಂಬುದಕ್ಕಿಂತ ಇನ್ನೊಂದು ವಿಚಾರ. ಅದೇ ಪದವನ್ನು ಸರ್ಚ್ ಬಾಕ್ಸಿನಲ್ಲಿ ಹಾಕಿ, ಬಂದ ಮೊದಲ ಹತ್ತು ವಿಡಿಯೊಗಳನ್ನು ನೋಡಿದ್ದರೆ ಸಾಕಿತ್ತು. ಆಮೇಲೆ ನೋಡಿದೆ: ಹೆಚ್ಚಿನವು ಬೆಲೆ ಹೇಳುವ ವಿಡಿಯೊಗಳೇ. ಆ ಪದ ಹಾಕಿದವರಿಗೆ ಏನು ಬೇಕು ಎಂಬುದು ಆ ಪುಟದಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಹಸಿರು ಚೌಕ ಪಕ್ಕದಲ್ಲೇ ಇದ್ದದ್ದರಿಂದ ನಾನು ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಹತ್ತು ಸೆಕೆಂಡಿನ ಕೆಲಸ. ಈಗ ಕ್ಯಾಮೆರಾ ಮುಟ್ಟುವ ಮೊದಲು ಆ ಹತ್ತು ಸೆಕೆಂಡು ತಪ್ಪಿಸುವುದಿಲ್ಲ.

ಟ್ಯಾಗ್‌ಗಳ (ವಿಡಿಯೊ ಹಾಕುವಾಗ ಅದರ ಜೊತೆ ಸೇರಿಸುವ ಪದಗಳು) ಬಗ್ಗೆ ಒಂದು ಮಾತು. ನನ್ನ ಟೂಲ್ ಅರ್ಧ ಪರದೆಯನ್ನು ಟ್ಯಾಗ್ ಸಲಹೆಗಳಿಗೇ ಮೀಸಲಿಟ್ಟಿತ್ತು. 500 ಅಕ್ಷರದ ಮಿತಿ ತುಂಬುವ ತನಕ ಸೇರಿಸು, ಸೇರಿಸು ಎನ್ನುತ್ತಿತ್ತು. ವಿಡಿಯೊ ಜನರಿಗೆ ಸಿಗುವುದರಲ್ಲಿ ಟ್ಯಾಗ್‌ಗಳ ಪಾತ್ರ ತೀರಾ ಕಡಿಮೆ, ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಪದಗಳಿದ್ದರೆ ಅವು ಉಪಯೋಗಕ್ಕೆ ಬರಬಹುದು ಎಂದು ಯೂಟ್ಯೂಬ್‌ನ ಸಹಾಯ ಪುಟವೇ ಹೇಳುತ್ತದೆ. ಪ್ರತಿ ವಿಡಿಯೊಗೆ ಟ್ಯಾಗ್‌ಗೆಂದು ಇಪ್ಪತ್ತು ನಿಮಿಷ ಕಳೆಯುತ್ತಿದ್ದೆ. ಆ ಹೊತ್ತನ್ನು 100 ಅಕ್ಷರದ ಶೀರ್ಷಿಕೆಗೆ ಕೊಟ್ಟಿದ್ದರೆ ಫಲ ಸಿಗುತ್ತಿತ್ತು.

ಒಂದು ಪದದ ಹುಡುಕಾಟ ಕಾಲಕಾಲಕ್ಕೆ ಏರಿಳಿಯುವುದನ್ನು ಗ್ರಾಫಿನಲ್ಲಿ ತೋರಿಸುವ ಗೂಗಲ್ ಟ್ರೆಂಡ್ಸ್ ಉಚಿತ, ನನಗೆ ಇಷ್ಟ ಕೂಡ. ಆದರೆ ಅದರ ಕೆಲಸ ಬೇರೆ. ಮೊದಲು ‘ವೆಬ್ ಸರ್ಚ್’ ಎಂದಿರುವುದನ್ನು ‘ಯೂಟ್ಯೂಬ್ ಸರ್ಚ್’ಗೆ ಬದಲಾಯಿಸಿಕೊಳ್ಳಬೇಕು. ಇದನ್ನು ಮರೆತು ಗೂಗಲ್ ಹುಡುಕಾಟದ ಗ್ರಾಫನ್ನೇ ನೋಡುತ್ತಾ ಕೂರುವವರು ಬಹಳ ಮಂದಿ. ಯೂಟ್ಯೂಬ್‌ನ ಲೆಕ್ಕ 2008ರಿಂದ ಸಿಗುತ್ತದೆ. ಅಲ್ಲಿ ಕಾಣುವ 100 ಎಂದರೆ ನೂರು ಹುಡುಕಾಟ ಅಲ್ಲ, ಆರಿಸಿಕೊಂಡ ಅವಧಿಯಲ್ಲಿ ಆ ಪದ ಮುಟ್ಟಿದ ಅತಿ ಎತ್ತರ. ಉಳಿದದ್ದೆಲ್ಲ ಅದಕ್ಕೆ ಹೋಲಿಸಿದ ಪ್ರಮಾಣ. ಹಾಗಾಗಿ ಒಂದೇ ಪದ ಹಾಕಿ ನೋಡಿದರೆ ಅದರ ಏರಿಳಿತ ಬಿಟ್ಟು ಹೆಚ್ಚೇನೂ ತಿಳಿಯದು. ಎರಡು ಪದಗಳನ್ನು ಎದುರುಬದುರು ಇಡಬೇಕು, ಐದರ ತನಕ ಇಡಬಹುದು. ಕಾಗುಣಿತ ಬೇರೆಯಾದರೆ ಅದು ಬೇರೆ ಪದವೆಂದೇ ಲೆಕ್ಕ. ‘ಮಿಷನ್’, ‘ಮೆಷಿನ್’, ‘ಮಷೀನ್’ ಎಂದು ಮೂರು ಬಗೆಯಲ್ಲಿ ಬರೆಯುವ ನಮಗೆ ಇದು ದೊಡ್ಡ ತೊಡಕು. ಪದಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಎಲ್ಲವನ್ನೂ ಸೇರಿಸಿ ತೋರಿಸುತ್ತದೆ. ಸಣ್ಣಪುಟ್ಟ ರಿಪೇರಿ ಪದಗಳಿಗೆ ಸಾಕಷ್ಟು ಮಾಹಿತಿ ಇಲ್ಲ ಎಂದು ಬರುವುದೇ ಹೆಚ್ಚು. ನಾನು ಅದನ್ನು ತೆರೆಯುವುದು ವರ್ಷಕ್ಕೆ ಎರಡು ಸಲ, ಶೀರ್ಷಿಕೆಯಲ್ಲಿ ‘ರಿಪೇರಿ’ ಎನ್ನಬೇಕೋ ‘ಸರ್ವಿಸ್’ ಎನ್ನಬೇಕೋ ಎಂಬಂಥ ದೊಡ್ಡ ಪದಗಳ ಗೊಂದಲ ಬಂದಾಗ.

ಗೂಗಲ್‌ನದೇ ಇನ್ನೊಂದು ಟೂಲ್ ಕೀವರ್ಡ್ ಪ್ಲಾನರ್ ಜಾಹೀರಾತು ಕೊಡುವವರಿಗೆಂದು ಇರುವುದು. ಅದು ಎಣಿಸುವುದು ಗೂಗಲ್ ಹುಡುಕಾಟವನ್ನು, ಯೂಟ್ಯೂಬ್‌ನದ್ದನ್ನಲ್ಲ. ಜಾಹೀರಾತಿಗೆ ಖರ್ಚು ಮಾಡದ ಖಾತೆಗೆ ‘1 ಸಾವಿರದಿಂದ 10 ಸಾವಿರ’ ಎಂಬಂಥ ಅಗಲವಾದ ಅಂದಾಜು ಸಿಗುತ್ತದೆ. ಅಲ್ಲಿರುವ ಪೈಪೋಟಿ ಎಂಬ ಕಾಲಂ ಕೂಡ ಜಾಹೀರಾತುದಾರರ ನಡುವಿನ ಪೈಪೋಟಿ. ಅದನ್ನು ವಿಡಿಯೊ ಮಾಡುವವರ ಪೈಪೋಟಿ ಎಂದುಕೊಂಡರೆ ಲೆಕ್ಕವೇ ತಪ್ಪುತ್ತದೆ.

ಎಐ ಚಾಟ್‌ಬಾಟ್ ಬರೆದುಕೊಡುವ ಪಟ್ಟಿ ಓದಲು ಚೆಂದ, ಆದರೆ ಆ ಸಾಲುಗಳನ್ನು ಯಾರಾದರೂ ನಿಜವಾಗಿ ಹುಡುಕಿದ್ದಾರೆ ಎಂಬುದಕ್ಕೆ ಆಧಾರವಿಲ್ಲ.

ಇನ್ನು ನನ್ನ ಮೆಚ್ಚಿನ ದಾರಿ. ಇನ್‌ಕಾಗ್ನಿಟೊ ಕಿಟಕಿ ತೆರೆಯುತ್ತೇನೆ, ಲಾಗಿನ್ ಆಗುವುದಿಲ್ಲ. ಇಲ್ಲದಿದ್ದರೆ ನಾನು ಹಿಂದೆ ಹುಡುಕಿದ್ದನ್ನೇ ತಿರುಗಿಸಿ ನನಗೇ ತೋರಿಸುತ್ತದೆ. ‘ಹೊಲಿಗೆ ಮಿಷನ್’ ಎಂದು ಬರೆದು, ಒಂದು ಜಾಗ ಬಿಟ್ಟು, ಎಂಟರ್ ಒತ್ತದೆ ಕಾಯುತ್ತೇನೆ. ಕೆಳಗೆ ಇಳಿದು ಬರುವ ಸಾಲುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತೇನೆ. ಆಮೇಲೆ ವರ್ಣಮಾಲೆಯ ಕ್ರಮದಲ್ಲಿ ಒಂದೊಂದೇ ಅಕ್ಷರ: ಅ, ಎ, ಕ, ದ, ಬ, ಸ. ‘ದ’ ಹಾಕಿದರೆ ದಾರದ ತೊಂದರೆಗಳು, ‘ಬ’ ಹಾಕಿದರೆ ಬಾಬಿನ್, ಬೆಲ್ಟು. ಇದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಒಂದು ಸುತ್ತು ಮಾಡುತ್ತೇನೆ. ಅಲ್ಲಿ ಬರುವ ಸಾಲುಗಳು ಜನ ನಿಜವಾಗಿ ಹುಡುಕಿದವುಗಳಿಂದ ಹುಟ್ಟಿದವು. ಎಷ್ಟು ಜನ ಎಂಬ ಸಂಖ್ಯೆ ಇರುವುದಿಲ್ಲ. ಅದು ಕೊರತೆಯೇ, ಒಪ್ಪುತ್ತೇನೆ. ಆದರೆ ತಿಂಗಳಿಗೆ ಎರಡೇ ವಿಡಿಯೊ ಮಾಡುವ ನನಗೆ ಸಂಖ್ಯೆಗಿಂತ ಜನರ ಮಾತು ಮುಖ್ಯ.

ಆ ಮಾತು ಇನ್ನೂ ಹತ್ತಿರದಿಂದ ಕೇಳಿಸುವುದು ಸ್ಟುಡಿಯೊದಲ್ಲಿ. ಅನಾಲಿಟಿಕ್ಸ್‌ಗೆ ಹೋಗಿ, ಟ್ರಾಫಿಕ್ ಸೋರ್ಸ್‌ನಲ್ಲಿ ಯೂಟ್ಯೂಬ್ ಸರ್ಚ್ ಒತ್ತಿದರೆ, ಯಾವ ಪದ ಹುಡುಕಿ ನಮ್ಮ ವಿಡಿಯೊಗೆ ಬಂದರು ಎಂಬ ಪಟ್ಟಿ ಸಿಗುತ್ತದೆ. ಇಡೀ ಚಾನೆಲ್‌ಗೂ ನೋಡಬಹುದು, ಒಂದೊಂದು ವಿಡಿಯೊಗೂ ನೋಡಬಹುದು. ನನ್ನದೊಂದು ಹಳೆಯ ವಿಡಿಯೊ ಇತ್ತು, ‘ಮೇಲಿನ ದಾರದ ಟೆನ್ಷನ್ ಸರಿಮಾಡುವ ವಿಧಾನ’ ಎಂಬ ಹೆಸರಿನದು. ಅದರ ಪಟ್ಟಿಯ ಕೆಳಗಡೆ ಎಲ್ಲೋ ಒಂದು ಸಾಲು ಕಂಡಿತು: ‘ಬಟ್ಟೆ ಅಡಿ ದಾರ ಗಂಟಾಗುತ್ತೆ’.

ಆ ಸಾಲನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಟ್ಟೆಯ ಕೆಳಗೆ ದಾರ ಗಂಟುಗಟ್ಟಿದರೆ ಯಾರೇ ಆಗಲಿ ಕೆಳಗಿನ ದಾರ ಸುತ್ತಿರುವ ಬಾಬಿನ್ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಬಾಬಿನ್ ಕೇಸ್ ಬಿಚ್ಚಿ ಒರೆಸುತ್ತಾರೆ. ಆದರೆ ತಪ್ಪು ಹೆಚ್ಚಿನ ಸಲ ಮೇಲೆ ಇರುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ ಕೆಳಗಿಳಿಸಿಕೊಂಡೇ ದಾರ ಹಾಕಿದರೆ, ದಾರವನ್ನು ಬಿಗಿಯಾಗಿಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಹಿಡಿತ ತಪ್ಪಿದ ಮೇಲಿನ ದಾರ ಕೆಳಗೆ ಹೋಗಿ ಸುತ್ತಿಕೊಳ್ಳುತ್ತದೆ. ಫುಟ್ ಎತ್ತಿ ಮತ್ತೊಮ್ಮೆ ದಾರ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇದು ಗೊತ್ತಿರುವ ನಾನು ಶೀರ್ಷಿಕೆಯಲ್ಲಿ ‘ಮೇಲಿನ ದಾರ’ ಎಂದು ಬರೆದಿದ್ದೆ. ಇದು ಗೊತ್ತಿಲ್ಲದ್ದರಿಂದಲೇ ಹುಡುಕುತ್ತಿರುವವರು ‘ಮೇಲಿನ’ ಎಂದು ಎಂದಾದರೂ ಟೈಪ್ ಮಾಡುತ್ತಾರೆಯೇ? ಅವರಿಗೆ ಕಾಣುವುದು ಕೆಳಗಿನ ಗಂಟು. ನಾನು ಪರಿಹಾರದ ಹೆಸರಿಟ್ಟಿದ್ದೆ, ಅವರು ತೊಂದರೆಯ ಹೆಸರು ಹಿಡಿದು ಹುಡುಕುತ್ತಿದ್ದರು.

ಆ ಸಾಲನ್ನೇ ಶೀರ್ಷಿಕೆ ಮಾಡಿ ಹೊಸ ವಿಡಿಯೊ ಮಾಡಿದೆ. ಮೊದಲ ಹತ್ತು ಸೆಕೆಂಡಿನಲ್ಲೇ ಗಂಟಾದ ಬಟ್ಟೆಯನ್ನು ಕ್ಯಾಮೆರಾದ ಹತ್ತಿರ ಹಿಡಿದೆ. ಹೇಳಿದ ವಿಷಯ ಹಳೆಯ ವಿಡಿಯೊದಲ್ಲಿದ್ದದ್ದೇ. ಆದರೆ ಇದಕ್ಕೆ ಬಂದವರು ನಿಂತು ನೋಡಿದರು, ತಿಂಗಳುಗಳು ಕಳೆದ ಮೇಲೂ ಹುಡುಕಿಕೊಂಡು ಬರುತ್ತಲೇ ಇದ್ದಾರೆ. ಇದೇ ಸಾಲನ್ನು ಟೂಲ್‌ನಲ್ಲಿ ಹಾಕಿ ನೋಡಿದಾಗ ಸಿಕ್ಕಿದ ಅಂಕ ಸೊನ್ನೆ. ಅದನ್ನು ನಂಬಿದ್ದರೆ ಆ ವಿಡಿಯೊ ಇರುತ್ತಲೇ ಇರಲಿಲ್ಲ.

ಸ್ಟುಡಿಯೊ ಪಟ್ಟಿಗೆ ಒಂದು ಮಿತಿ ಇದೆ. ಈಗಾಗಲೇ ನಮ್ಮ ವಿಡಿಯೊ ತಲುಪಿರುವ ಪದಗಳು ಮಾತ್ರ ಅಲ್ಲಿರುತ್ತವೆ. ಚಾನೆಲ್ ಹೊಸದಾದರೆ ಪಟ್ಟಿಯಲ್ಲಿ ಏನೂ ಇರುವುದಿಲ್ಲ. ಮೊದಲ ಹತ್ತು ಹದಿನೈದು ವಿಡಿಯೊಗಳಿಗೆ ಸರ್ಚ್ ಬಾಕ್ಸ್ ಒಂದೇ ಗತಿ. ಅಷ್ಟು ಹಾಕಿದ ಮೇಲೆ ಪಟ್ಟಿ ತಾನಾಗಿ ಬೆಳೆಯುತ್ತದೆ.

ಇಂಗ್ಲಿಷ್ ಚಾನೆಲ್ ಇದ್ದು, ಜೊತೆಗೆ ಇಬ್ಬರು ಮೂವರು ಕೆಲಸಕ್ಕಿದ್ದು, ದಿನಕ್ಕೊಂದು ವಿಡಿಯೊ ಹಾಕುವವರಿಗೆ ದುಡ್ಡಿನ ಟೂಲ್ ಸಮಯ ಉಳಿಸಬಹುದು. ನೂರಾರು ಪದಗಳನ್ನು ಒಂದೇ ಸಲಕ್ಕೆ ಪಟ್ಟಿ ಮಾಡಿಕೊಡುವುದರಲ್ಲಿ ಅದಕ್ಕೆ ನನ್ನ ನೋಟ್‌ಬುಕ್ ಸಾಟಿಯಲ್ಲ. ಅಂಥವರು ಕೂಡ ಮೊದಲು ಒಂದು ತಿಂಗಳ ಚಂದಾ ಕಟ್ಟಿ ನೋಡಲಿ, ನನ್ನ ಹಾಗೆ ವರ್ಷದ್ದು ಬೇಡ. ನಾನು ಹಗಲೆಲ್ಲ ಮಿಷನ್ ಮುಂದೆ ಇರುವವಳು. ಕೀವರ್ಡ್‌ಗೆಂದು ನನಗೆ ಸಿಗುವುದು ಭಾನುವಾರ ರಾತ್ರಿಯ ಒಂದು ಗಂಟೆ, ಆ ಒಂದು ಗಂಟೆಯಲ್ಲಿ ನೋಟ್‌ಬುಕ್ಕಿನ ಎರಡು ಪುಟ ತುಂಬುತ್ತದೆ. ಈ ವರ್ಷದ ಚಂದಾದ ಹಣದಲ್ಲಿ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಮೈಕ್ ತೆಗೆದುಕೊಂಡೆ. ಮಿಷನ್ ಓಡುವಾಗಲೂ ಈಗ ನನ್ನ ಮಾತು ಕೇಳಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಸದ್ಯ ಗುಂಡು ಸುತ್ತಿಟ್ಟಿರುವ ಸಾಲು ‘ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ’. ಸರ್ಚ್ ಬಾಕ್ಸಿನಲ್ಲಿ ಎರಡು ಲಿಪಿಯಲ್ಲೂ ಬಂತು, ಸ್ಟುಡಿಯೊ ಪಟ್ಟಿಯಲ್ಲೂ ಎರಡು ಸಲ ಕಂಡಿತು. ಮೊದಲ ಹತ್ತು ವಿಡಿಯೊ ನೋಡಿಯಾಗಿದೆ, ಸೂಜಿ ತಿರುಗುಮುರುಗಾಗಿ ಹಾಕಿದರೂ ಹೀಗಾಗುತ್ತದೆ ಎಂದು ಅವುಗಳಲ್ಲಿ ಒಂದರಲ್ಲೂ ತೋರಿಸಿಲ್ಲ. ಬಗ್ಗಿದ ಸೂಜಿ ಒಂದು, ಹೊಸ ಸೂಜಿ ಒಂದು ಎತ್ತಿಟ್ಟುಕೊಂಡಿದ್ದೇನೆ. ಈ ಶನಿವಾರ ಶೂಟಿಂಗ್.