ಪೀಣ್ಯದ ಅಂಚಿನ ಬೋರ್‌ವೆಲ್ ನೀರು ಮತ್ತು ಒಂದು ಖಾಸಗಿ ಪ್ರಯೋಗಾಲಯದ ಪರೀಕ್ಷಾ ಸೇವೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ನಮ್ಮ ವಸತಿ ಸಮುಚ್ಚಯಕ್ಕೆ ಕಾವೇರಿ ನೀರಿನ ಸಂಪರ್ಕವಿದೆ. ಆದರೆ ಅದು ಸಾಲದೆ ಹೋದ ದಿನಗಳಲ್ಲಿ ನಮ್ಮದೇ ಬೋರ್‌ವೆಲ್ಲಿನ ನೀರನ್ನು ಸಂಪಿಗೆ ಬಿಟ್ಟುಕೊಳ್ಳುತ್ತೇವೆ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ ಮೇಲೆ ಹೀಗೆ ಬೆರೆಸಿಕೊಳ್ಳುವುದು ನಮ್ಮ ಕಡೆಯ ಅನೇಕ ಕಟ್ಟಡಗಳಲ್ಲಿ ವಾಡಿಕೆಯೇ ಆಗಿದೆ. ಈ ನೀರನ್ನು ಮಕ್ಕಳು, ವೃದ್ಧರು, ಗರ್ಭಿಣಿಯರು ಎಲ್ಲರೂ ಬಳಸುತ್ತಾರೆ ಎಂಬ ಕಾರಣಕ್ಕೆ ನಿವಾಸಿಗಳ ಸಂಘದ ಪರವಾಗಿ ನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷೆ ಮಾಡಿಸಿದೆವು. ಪ್ರಯೋಗಾಲಯದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ಗುಣದೋಷಗಳನ್ನು ಓದುಗರು ತಮ್ಮ ಊರಿನ ಯಾವುದೇ ಪ್ರಯೋಗಾಲಯದಲ್ಲಿ ವಿಚಾರಿಸಿ ನೋಡಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಮಾದರಿ ಸಂಗ್ರಹಣೆಯಲ್ಲಿಯೂ ಲೋಹಗಳ ಅಳತೆಯಲ್ಲಿಯೂ ಈ ಪ್ರಯೋಗಾಲಯ ವಿಶ್ವಾಸಕ್ಕೆ ಅರ್ಹವಾಗಿದೆ. ಯಾವ ಪರೀಕ್ಷೆ ಬೇಕು ಎಂದು ಗ್ರಾಹಕನಿಗೆ ತಿಳಿಸುವುದರಲ್ಲಿ, ಫಲಿತಾಂಶ ಬಂದ ನಂತರ ಏನು ಮಾಡಬೇಕೆಂದು ಸಲಹೆ ನೀಡುವುದರಲ್ಲಿ ಅದು ಹಿಂದುಳಿದಿದೆ.

ಮೊದಲ ಕೊರತೆ ಕಂಡುಬರುವುದು ಪ್ಯಾಕೇಜಿನಲ್ಲಿ. ಕರೆ ಮಾಡಿದವರಿಗೆಲ್ಲ ಅವರು ಮೊದಲು ಸೂಚಿಸುವುದು ಕುಡಿಯುವ ನೀರಿನ ಸಾಮಾನ್ಯ ಪರೀಕ್ಷೆಯನ್ನು. ಅದರಲ್ಲಿ ಪಿಎಚ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಘನಾಂಶ), ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ ಮತ್ತು ಕೋಲಿಫಾರಂ ಬ್ಯಾಕ್ಟೀರಿಯಾ ಸೇರಿರುತ್ತವೆ. ಕೋಲಾರ ಅಥವಾ ಚಿಕ್ಕಬಳ್ಳಾಪುರದ ಹಳ್ಳಿಯೊಂದರ ಬೋರ್‌ವೆಲ್‌ಗೆ ಇದು ತಕ್ಕ ಪರೀಕ್ಷೆ, ಏಕೆಂದರೆ ಅಲ್ಲಿ ಮೊದಲು ಕೇಳಬೇಕಾದದ್ದು ಫ್ಲೋರೈಡಿನ ಪ್ರಶ್ನೆ. ಪೀಣ್ಯದ ಮಾತು ಬೇರೆ. 1970ರ ದಶಕದಿಂದ ಬೆಳೆದು ಬಂದ ಈ ಪ್ರದೇಶದಲ್ಲಿ ಲೋಹಕ್ಕೆ ಹೊಳಪಿನ ಲೇಪನ ಮಾಡುವ ಸಣ್ಣ ಸಣ್ಣ ಪ್ಲೇಟಿಂಗ್ ಘಟಕಗಳು ಬಹಳ ಇವೆ. ಕ್ರೋಮ್ ಪ್ಲೇಟಿಂಗ್ ತೊಟ್ಟಿಯಲ್ಲಿರುವುದು ಕ್ರೋಮಿಕ್ ಆಮ್ಲ, ಅಂದರೆ ಕ್ರೋಮಿಯಂನ ಅತ್ಯಂತ ಹಾನಿಕರ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ. ಲೇಪನ ಮುಗಿದ ಬಿಡಿಭಾಗಗಳನ್ನು ತೊಳೆದ ನೀರು ಸಂಸ್ಕರಣೆಯಾಗದೆ ಚರಂಡಿಗೋ ನೆಲಕ್ಕೋ ಸೇರಿದರೆ ಅದು ಕೆಳಗಿನ ನೀರಿಗೆ ಇಳಿಯುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಈ ಕ್ರೋಮಿಯಂ ಇರುವುದು ಸರ್ಕಾರಿ ಸಂಸ್ಥೆಗಳ ಅಧ್ಯಯನಗಳಲ್ಲೇ ದಾಖಲಾಗಿರುವ ಸಂಗತಿ. ಹೀಗಿರುವಾಗ ಇಲ್ಲಿನ ವಿಳಾಸ ಕೊಟ್ಟ ಗ್ರಾಹಕನಿಗೆ ಕ್ರೋಮಿಯಂ ಇಲ್ಲದ ಪ್ಯಾಕೇಜನ್ನು ಮಾರುವುದು ನನಗೆ ಸಣ್ಣ ಲೋಪವಾಗಿ ಕಾಣುವುದಿಲ್ಲ. ಆ ವರದಿಯಲ್ಲಿ ಎಲ್ಲ ಸಾಲುಗಳೂ ಮಿತಿಯೊಳಗೆ ಬಂದುಬಿಟ್ಟರೆ ಮನೆಯವರು ನಿಶ್ಚಿಂತರಾಗಿ ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿಯುತ್ತಾರೆ. ನಾವು ಹಟ ಹಿಡಿದು ಒಟ್ಟು ಕ್ರೋಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಆರ್ಸೆನಿಕ್ ಮತ್ತು ಸಯನೈಡ್‌ಗಳನ್ನು ಪ್ರತ್ಯೇಕವಾಗಿ ಸೇರಿಸಿದೆವು. ಕೇಳಿದ ಮೇಲೆ ಎಲ್ಲವನ್ನೂ ಮಾಡಿಕೊಟ್ಟರು ಎಂಬುದನ್ನೂ ಹೇಳಬೇಕು.

ಪಕ್ಕದ ಕಟ್ಟಡದವರ ವರದಿ ಚೆನ್ನಾಗಿ ಬಂದಿದೆ, ನಮ್ಮದೂ ಹಾಗೆಯೇ ಇರುತ್ತದೆ ಎಂಬ ವಾದ ನಮ್ಮ ಸಂಘದ ಸಭೆಯಲ್ಲಿ ಕೇಳಿಬಂದಿತ್ತು. ಬೆಂಗಳೂರಿನ ಕೆಳಗಿರುವುದು ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆ. ಇಲ್ಲಿ ನೀರು ಆ ಬಂಡೆಯ ಬಿರುಕುಗಳಲ್ಲಿ ನಿಂತು, ಬಿರುಕು ಹೋದತ್ತ ಹರಿಯುತ್ತದೆ. ಆದ್ದರಿಂದ ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಕಲುಷಿತವಾಗಿದ್ದು ಇನ್ನೊಂದು ಶುದ್ಧವಾಗಿರಬಹುದು, ಪ್ಲೇಟಿಂಗ್ ಘಟಕದಿಂದ ದೂರವಿರುವ ಬಾವಿಯೇ ಹೆಚ್ಚು ಕೆಟ್ಟಿರಲೂಬಹುದು. ಪ್ರತಿ ಬೋರ್‌ವೆಲ್ಲನ್ನೂ ಬೇರೆಬೇರೆಯಾಗಿ ಪರೀಕ್ಷಿಸದೆ ಬೇರೆ ದಾರಿಯಿಲ್ಲ. ಹಾಗೆಯೇ, ಮನೆಮನೆಯಲ್ಲಿರುವ ಟಿಡಿಎಸ್ ಮೀಟರನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ, ಒಟ್ಟು ಕ್ರೋಮಿಯಂನ ಮಿತಿ 0.05 ಮಿಲಿಗ್ರಾಂ. ಮೊದಲನೆಯದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟಿರುವ ವಸ್ತುವನ್ನು ಆ ಮೀಟರು ಗುರುತಿಸಲಾರದು.

ಮಾದರಿ ಸಂಗ್ರಹಣೆಗೆ ಬಂದ ಯುವಕನ ಕೆಲಸ ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು. ಮನೆಯ ಬಾಟಲಿಯಲ್ಲಿ ನೀರು ತುಂಬಿಸಿ ತಂದುಕೊಟ್ಟರೂ ಪರೀಕ್ಷಿಸುವ ಪ್ರಯೋಗಾಲಯಗಳಿವೆ, ಅಂತಹ ಮಾದರಿಯ ಫಲಿತಾಂಶಕ್ಕೆ ಬೆಲೆ ಕಡಿಮೆ. ಈತ ಪಂಪನ್ನು ಚಾಲೂ ಮಾಡಿಸಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರು ಪೂರ್ತಿ ಹೊರಹೋಗುವವರೆಗೆ ಕಾದು, ಸಂಪಿಗೆ ಸೇರುವ ಮೊದಲೇ ಬೋರ್‌ವೆಲ್ಲಿನ ಬಾಯಿಂದ ನೀರು ಹಿಡಿದ. ಲೋಹಗಳಿಗಾಗಿ ತಂದಿದ್ದ ಬಾಟಲಿಯಲ್ಲಿ ಮೊದಲೇ ನೈಟ್ರಿಕ್ ಆಮ್ಲ ಹಾಕಲಾಗಿತ್ತು. ನಮ್ಮ ಕಾವಲುಗಾರರು ಅಭ್ಯಾಸಬಲದಿಂದ ಅದನ್ನು ತೊಳೆಯಲು ಹೋದಾಗ, "ಅದನ್ನ ತೊಳೀಬೇಡಿ ಅಣ್ಣ, ಒಳಗೆ ಆಸಿಡ್ ಇದೆ, ಲೋಹ ಬಾಟಲಿಗೆ ಅಂಟಿಕೊಳ್ಳಬಾರದು ಅಂತ ಹಾಕಿರ್ತೀವಿ" ಎಂದು ತಡೆದ. ಹೆಕ್ಸಾವೇಲೆಂಟ್ ಕ್ರೋಮಿಯಂನ ಮಾದರಿಯನ್ನು ಮಾತ್ರ ಆಮ್ಲವಿಲ್ಲದ ಬೇರೆ ಬಾಟಲಿಯಲ್ಲಿ ತುಂಬಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ. ಆಮ್ಲ ಬೆರೆತರೆ ನೀರಿನಲ್ಲಿರುವ ಇತರ ಪದಾರ್ಥಗಳ ಜತೆ ವರ್ತಿಸಿ ಅದು ಕಡಿಮೆ ಹಾನಿಯ ಟ್ರೈವೇಲೆಂಟ್ ರೂಪಕ್ಕೆ ಇಳಿದುಬಿಡಬಹುದು, ಆಗ ಅಪಾಯ ಇದ್ದರೂ ವರದಿಯಲ್ಲಿ ಇಲ್ಲವೆಂದು ಬರುತ್ತದೆ. ಈ ಮಾದರಿಯನ್ನು 24 ಗಂಟೆಯೊಳಗೆ ಪರೀಕ್ಷಿಸುವುದು ಬಹುಕಾಲದಿಂದ ಬಂದಿರುವ ಕ್ರಮ. ನಮ್ಮ ವರದಿಯಲ್ಲಿ ಮಾದರಿ ಪಡೆದ ಹೊತ್ತು, ಪ್ರಯೋಗಾಲಯಕ್ಕೆ ತಲುಪಿದ ಹೊತ್ತು, ಪರೀಕ್ಷೆ ಆರಂಭಿಸಿದ ದಿನಾಂಕ ಮೂರೂ ನಮೂದಾಗಿದ್ದವು.

ವರದಿ ಹಲವು ಪುಟಗಳದ್ದು. ಅದರಲ್ಲಿ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಎಬಿಎಲ್‌ನ ಮುದ್ರೆಯೂ ಪ್ರತಿ ವರದಿಗೂ ಬೇರೆಯಾಗಿರುವ ಯುಎಲ್‌ಆರ್ ಎಂಬ ಗುರುತಿನ ಸಂಖ್ಯೆಯೂ ಇದ್ದವು. ಮುದ್ರೆ ಇದ್ದ ಮಾತ್ರಕ್ಕೆ ವರದಿಯ ಪ್ರತಿ ಸಾಲೂ ಮಾನ್ಯತೆ ಪಡೆದದ್ದು ಎಂದು ಭಾವಿಸಬಾರದು. ಎನ್‌ಎಬಿಎಲ್ ಒಂದು ಪ್ರಯೋಗಾಲಯಕ್ಕೆ ಮಾನ್ಯತೆ ಕೊಡುವುದು ನಿರ್ದಿಷ್ಟ ಪರೀಕ್ಷೆಗಳಿಗೆ, ನಿರ್ದಿಷ್ಟ ವಿಧಾನಗಳಿಗೆ. ಆ ಮಾನ್ಯತೆಯ ವ್ಯಾಪ್ತಿಯ ಪಟ್ಟಿಯನ್ನು ಎನ್‌ಎಬಿಎಲ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಹಣ ಕಟ್ಟುವ ಮೊದಲೇ ನೋಡಿದ್ದರಿಂದ, ನಮಗೆ ಬೇಕಾಗಿದ್ದ ಲೋಹಗಳೆಲ್ಲ ಈ ಪ್ರಯೋಗಾಲಯದ ವ್ಯಾಪ್ತಿಯಲ್ಲಿವೆ ಎಂದು ಖಚಿತವಾಗಿತ್ತು.

ಅದಕ್ಕಿಂತಲೂ ಮುಖ್ಯವಾದದ್ದು ಪತ್ತೆಯ ಮಿತಿ. ಅನೇಕ ವರದಿಗಳಲ್ಲಿ ಲೋಹದ ಮುಂದೆ ಬಿಡಿಎಲ್ ಎಂಬ ಮೂರು ಅಕ್ಷರ ಮಾತ್ರ ಇರುತ್ತದೆ, ಅಂದರೆ ಯಂತ್ರ ಪತ್ತೆ ಮಾಡಬಲ್ಲ ಪ್ರಮಾಣಕ್ಕಿಂತ ಕಡಿಮೆ. ಆ ಪ್ರಮಾಣ ಎಷ್ಟು ಎಂದು ಬರೆಯದಿದ್ದರೆ ಈ ಫಲಿತಾಂಶಕ್ಕೆ ಅರ್ಥವೇ ಇಲ್ಲ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಯಂತ್ರವು 0.05ಕ್ಕಿಂತ ಕಡಿಮೆ ಇರುವುದನ್ನು ಕಾಣಲಾರದಾದರೆ, ಮಿತಿಯ ನಾಲ್ಕು ಪಟ್ಟು ಸೀಸವಿರುವ ನೀರಿಗೂ ಅದು ಬಿಡಿಎಲ್ ಎಂದೇ ಹೇಳುತ್ತದೆ. ಕ್ಯಾಡ್ಮಿಯಂನ ಮಿತಿ ಇನ್ನೂ ಕೆಳಗೆ, 0.003 ಮಿಲಿಗ್ರಾಂ. ನಮ್ಮ ಪ್ರಯೋಗಾಲಯ ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯಬಲ್ಲ ಐಸಿಪಿ-ಎಂಎಸ್ ಯಂತ್ರ ಬಳಸುತ್ತದೆ, ಪ್ರತಿ ಲೋಹದ ಮುಂದೆ ಪತ್ತೆಯ ಮಿತಿಯನ್ನು ಅಂಕಿಯಲ್ಲೇ ಬರೆದಿತ್ತು, ಅವೆಲ್ಲ ಮಾನಕದ ಮಿತಿಗಿಂತ ಸಾಕಷ್ಟು ಕೆಳಗಿದ್ದವು. ಈ ಒಂದು ಕಾರಣಕ್ಕೇ ನಾನು ಇವರ ಸೇವೆಯನ್ನು ಇತರರಿಗೆ ಸೂಚಿಸಲು ಸಿದ್ಧ.

ನಮ್ಮ ಬೋರ್‌ವೆಲ್ಲಿನಲ್ಲಿ ಒಟ್ಟು ಕ್ರೋಮಿಯಂ ಮಿತಿಯನ್ನು ಮೀರಿತ್ತು, ಅದರ ಬಹುಪಾಲು ಹೆಕ್ಸಾವೇಲೆಂಟ್ ರೂಪದಲ್ಲಿತ್ತು. ಉಳಿದ ಲೋಹಗಳು ಮಿತಿಯೊಳಗಿದ್ದವು. ಐಎಸ್ 10500ರಲ್ಲಿ ಕ್ರೋಮಿಯಂಗೆ ಸಡಿಲಿಕೆ ಇಲ್ಲ. ಬೇರೆ ನೀರಿನ ಮೂಲವಿಲ್ಲದಿದ್ದರೆ 2000ದವರೆಗಿನ ಟಿಡಿಎಸ್ಸನ್ನು ಸಹಿಸಿಕೊಳ್ಳಬಹುದು, ಆದರೆ 0.05ರ ಮೇಲಿನ ಕ್ರೋಮಿಯಂ ಅನ್ನು ಸಹಿಸಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮೌಲ್ಯವೂ ಅಷ್ಟೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆಂದೇ 0.01 ಮಿಲಿಗ್ರಾಂನ ಪ್ರತ್ಯೇಕ ಮಿತಿಯನ್ನು ಜಾರಿಗೆ ತಂದಿತು, ನಮ್ಮ ಮಾನಕದಲ್ಲಿ ಇನ್ನೂ ಎರಡು ರೂಪಗಳನ್ನು ಕೂಡಿಸಿ ಒಂದೇ ಅಂಕಿ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೆಕ್ಸಾವೇಲೆಂಟ್ ಕ್ರೋಮಿಯಂ ಸಂಯುಕ್ತಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಆ ತೀರ್ಮಾನಕ್ಕೆ ಮುಖ್ಯ ಆಧಾರ ಅದನ್ನು ಉಸಿರಿನ ಮೂಲಕ ಒಳಗೆ ತೆಗೆದುಕೊಂಡ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರ್. ಕುಡಿಯುವ ನೀರಿನಲ್ಲಿ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪ್ರಾಣಿಪ್ರಯೋಗದಲ್ಲಿ ಇಲಿಗಳ ಬಾಯಿಯಲ್ಲಿ ಮತ್ತು ಸಣ್ಣ ಕರುಳಿನಲ್ಲಿ ಗೆಡ್ಡೆಗಳು ಕಂಡುಬಂದವು. ಹಾಗೆಂದು ಮಿತಿ ಮೀರಿದ ನೀರನ್ನು ಒಂದು ಲೋಟ ಕುಡಿದವರು ಗಾಬರಿಪಡಬೇಕಾಗಿಲ್ಲ. ಎಷ್ಟು ಪ್ರಮಾಣ, ಎಷ್ಟು ನೀರು, ಎಷ್ಟು ವರ್ಷ, ಕುಡಿಯುವವರ ತೂಕ ಎಷ್ಟು ಎಂಬ ನಾಲ್ಕೂ ಸೇರಿ ಅಪಾಯವನ್ನು ನಿರ್ಧರಿಸುತ್ತವೆ. ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ನೀರು ಕುಡಿಯುವುದರಿಂದ, ಪುಡಿ ಹಾಲನ್ನು ಇದೇ ನೀರಿನಲ್ಲಿ ಕಲಸಿ ಕುಡಿಸುವ ಶಿಶುಗಳಿರುವ ಮನೆಗಳನ್ನು ನಾವು ಮೊದಲು ಎಚ್ಚರಿಸಿದೆವು.

ಇಷ್ಟೊಂದು ವಿವರಣೆ ಬೇಡುವ ಫಲಿತಾಂಶದ ಜತೆಗೆ ಪ್ರಯೋಗಾಲಯ ಕೊಟ್ಟದ್ದು "ಮಾನಕಕ್ಕೆ ಅನುಗುಣವಾಗಿಲ್ಲ" ಎಂಬ ಒಂದೇ ವಾಕ್ಯ. ವಿಶ್ಲೇಷಣೆಯ ವಿಭಾಗದವರನ್ನು ಮಾತನಾಡಿಸಲು ಗ್ರಾಹಕ ವಿಭಾಗ ಅವಕಾಶ ಕೊಡಲಿಲ್ಲ. ಅಲ್ಲಿ ಫೋನು ಎತ್ತಿದವರು, ನೀರನ್ನು ಕುದಿಸಿ ಆರಿಸಿ ಕುಡಿಯಿರಿ ಎಂದರು. ಇದು ತಪ್ಪು ಸಲಹೆ ಮಾತ್ರವಲ್ಲ, ಅಪಾಯಕಾರಿ ಸಲಹೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕ್ರೋಮಿಯಂ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಒಂದು ಪ್ರಯೋಗಾಲಯ ವೈದ್ಯಕೀಯ ಸಲಹೆ ಕೊಡಬೇಕೆಂದು ನಾನು ಕೇಳುತ್ತಿಲ್ಲ, ಆದರೆ ತಾನೇ ಪತ್ತೆ ಹಚ್ಚಿದ ವಸ್ತುವನ್ನು ಯಾವುದು ತೆಗೆಯುತ್ತದೆ, ಯಾವುದು ತೆಗೆಯುವುದಿಲ್ಲ ಎಂದು ಅರ್ಧ ಪುಟ ಬರೆದು ಲಗತ್ತಿಸುವುದು ಅದರ ಹೊಣೆ ಎಂದೇ ನನ್ನ ನಂಬಿಕೆ.

ಮುಂದಿನ ಕ್ರಮಗಳನ್ನು ನಾವೇ ಓದಿ, ತಿಳಿದವರನ್ನು ಕೇಳಿ ಕೈಗೊಂಡೆವು. ಕಾವೇರಿ ನೀರನ್ನು ಬೋರ್‌ವೆಲ್ ನೀರಿನ ಜತೆ ಬೆರೆಸುವುದನ್ನು ನಿಲ್ಲಿಸಿ, ಅದಕ್ಕೆ ಪ್ರತ್ಯೇಕ ಟ್ಯಾಂಕು ಮಾಡಿ, ಅಡುಗೆಮನೆಯ ನಲ್ಲಿಗಳಿಗೆ ಮಾತ್ರ ಬಿಟ್ಟೆವು. ಅದು ಸಾಲದ ದಿನಗಳಿಗಾಗಿ ಆರ್‌ಓ ಘಟಕವೊಂದನ್ನು ಅಳವಡಿಸಿದೆವು. ಸಾಮಾನ್ಯ ಕ್ಯಾಂಡಲ್ ಫಿಲ್ಟರಾಗಲಿ ಯುವಿ ದೀಪವಾಗಲಿ ನೀರಿನಲ್ಲಿ ಕರಗಿದ ಕ್ರೋಮಿಯಂ ಅನ್ನು ತೆಗೆಯುವುದಿಲ್ಲ. ಆರ್‌ಓ ಪೊರೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಪೊರೆ ಹಳತಾದಂತೆ ಆ ಸಾಮರ್ಥ್ಯ ಕುಗ್ಗುತ್ತದೆ. ತಡೆದ ಕ್ರೋಮಿಯಂ ಎಲ್ಲವೂ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಸೇರುವುದರಿಂದ ಆ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬಾರದೆಂದು ತೋಟದ ಕೆಲಸದವರಿಗೆ ತಿಳಿಸಿದೆವು. ಆರ್‌ಓದಿಂದ ಹೊರಬಂದ ನೀರನ್ನು ಅದೇ ಪ್ರಯೋಗಾಲಯಕ್ಕೆ ಕೊಟ್ಟು ಎರಡನೆಯ ಪರೀಕ್ಷೆ ಮಾಡಿಸಿದೆವು, ಕ್ರೋಮಿಯಂ ಮಿತಿಗಿಂತ ಸಾಕಷ್ಟು ಕೆಳಗೆ ಇಳಿದಿತ್ತು. ಯಂತ್ರ ಮಾರುವವರು ಟಿಡಿಎಸ್ ತೋರಿಸಿ ಹೊರಟುಹೋಗುತ್ತಾರೆ. ಫಿಲ್ಟರಿನ ನಂತರದ ಈ ಪರೀಕ್ಷೆಗೆ ಖರ್ಚು ಮಾಡಲು ಹಿಂಜರಿಯಬೇಡಿ ಎಂದು ಇತರ ಸಂಘಗಳಿಗೆ ನನ್ನ ಕೋರಿಕೆ. ಮೊದಲ ವರದಿಯ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಪತ್ರದೊಂದಿಗೆ ಸಲ್ಲಿಸಿದ್ದೇವೆ, ಏಕೆಂದರೆ ನಮ್ಮ ಮನೆಗಳಲ್ಲಿ ಆರ್‌ಓ ಕೂಡಿಸಿಕೊಂಡರೆ ನೆಲದ ಕೆಳಗಿನ ನೀರು ಶುದ್ಧವಾಗುವುದಿಲ್ಲ, ಮೂಲದಲ್ಲಿ ತಡೆಯುವ ಅಧಿಕಾರ ಇರುವುದು ಮಂಡಳಿಗೆ. ಆರ್‌ಓ ಕೊಳ್ಳುವ ಶಕ್ತಿಯಿಲ್ಲದ ವಠಾರಗಳು ನಮ್ಮ ಬೀದಿಯಲ್ಲೇ ಇವೆ.

ಈ ಪ್ರಯೋಗಾಲಯದಿಂದ ಆಗದ ಕೆಲಸವೂ ಒಂದಿದೆ. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್‌ನಂತಹ ದ್ರಾವಕಗಳ ಪರೀಕ್ಷೆ ಇವರ ಮಾನ್ಯತೆಯ ವ್ಯಾಪ್ತಿಯಲ್ಲಿಲ್ಲ. ಇದೂ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿರುವ ರಾಸಾಯನಿಕ. ಸುಲಭವಾಗಿ ಆವಿಯಾಗುವುದರಿಂದ ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಗಾಜಿನ ಸೀಸೆಯಲ್ಲಿ ತುಂಬಿ ಮುಚ್ಚಬೇಕು. ಎಂಜಿನಿಯರಿಂಗ್ ವರ್ಕ್‌ಶಾಪುಗಳ ನಡುವೆ ಇರುವವರು ಆ ವ್ಯಾಪ್ತಿ ಇರುವ ಬೇರೆ ಪ್ರಯೋಗಾಲಯವನ್ನು ಹುಡುಕಬೇಕು, ನಾವೂ ಹುಡುಕುತ್ತಿದ್ದೇವೆ.

ಶುಲ್ಕ ಸಾಮಾನ್ಯ ಪ್ಯಾಕೇಜಿಗಿಂತ ಕೆಲವು ಪಟ್ಟು ಹೆಚ್ಚಾಯಿತಾದರೂ ಎಲ್ಲ ಮನೆಗಳಿಗೂ ಹಂಚಿದಾಗ ಯಾರಿಗೂ ಹೊರೆಯಾಗಲಿಲ್ಲ. ವರದಿ ಹೇಳಿದ ದಿನಕ್ಕೇ ಬಂತು. ಮಳೆಗಾಲದ ನಂತರ ಅಂತರ್ಜಲದ ಮಟ್ಟ ಏರಿದಾಗ ಕ್ರೋಮಿಯಂ ಪ್ರಮಾಣ ಇಳಿಯಲೂಬಹುದು, ಮೇಲ್ಪದರದ ಮಣ್ಣಿನಿಂದ ತೊಳೆದು ಬಂದು ಏರಲೂಬಹುದು. ಅದಕ್ಕಾಗಿ ಅದೇ ಬೋರ್‌ವೆಲ್ಲಿನಿಂದ, ಅದೇ ವಿಧಾನದಲ್ಲಿ, ಇವರಿಂದಲೇ ಮತ್ತೊಮ್ಮೆ ಮಾದರಿ ತೆಗೆಸಲು ಮುಂಗಡ ಕಟ್ಟಿದ್ದೇವೆ.