ಹೊರಗೆ ನಿಲ್ಲೋ ಕಾರಿಗೆ ಯಾವ ಕವರ್? ಐದು ಥರ ಹಾಕಿ ನೋಡಿದ್ದು, ಕೊನೆಗೆ ನೆಟ್ ಕಟ್ಟಿದ್ದು

ನಮ್ಮದು 30×40 ಸೈಟು. ಮನೆ ಕಟ್ಟಿಸುವಾಗ ಅಪ್ಪಾಜಿ ಕಾರಿಗೆ ಅಂತ ಜಾಗ ಬಿಡ್ಲಿಲ್ಲ, ಆಗ ಮನೇಲಿದ್ದಿದ್ದು ಒಂದು ಸ್ಕೂಟರ್ ಅಷ್ಟೆ. 2018ರಲ್ಲಿ ಕೆಂಪು ಸ್ವಿಫ್ಟ್ ತಗೊಂಡ್ವಿ, ಅವತ್ತಿಂದ ಅದು ಪಕ್ಕದ ಖಾಲಿ ಸೈಟಲ್ಲೇ ನಿಂತಿದೆ. ಮಂಡ್ಯದ ಗುತ್ತಲು ಕಡೆ ನಾವಿರೋದು, ಎರಡು ಬೀದಿ ದಾಟಿದ್ರೆ ಗದ್ದೆ, ಕಬ್ಬು. ಬಿಸಿಲು, ಧೂಳು, ಇಬ್ಬನಿ, ಇಲಿ, ಕಾಗೆ, ಎಲ್ಲದಕ್ಕೂ ಈ ಕಾರು ಸಿಕ್ಕಿದೆ. ಇಷ್ಟು ವರ್ಷದಲ್ಲಿ ಐದು ಥರ ಹೊದಿಕೆ ಹಾಕಿ ನೋಡಿದೀನಿ, ಈಗ ಆರನೇದು ತಲೆ ಮೇಲೆ ಕಟ್ಟಿದೀನಿ. ಒಂದೊಂದ್ರಲ್ಲಿ ಏನಾಯ್ತು ಅಂತ ಹೇಳ್ತೀನಿ, ಹೊಸದಾಗಿ ಕವರ್ ಹುಡುಕ್ತಿರೋರಿಗೆ ಸ್ವಲ್ಪ ದುಡ್ಡು ಉಳಿದ್ರೂ ಉಳೀಲಿ.

ಮೊದಲ್ನೇದು ಎಲ್ರೂ ತಗೊಳ್ಳೋ ಸಿಲ್ವರ್ ಕವರ್, ರಸ್ತೆ ಬದೀಲಿ ನೇತು ಹಾಕಿರ್ತಾರಲ್ಲ ಅದು, 850 ರೂಪಾಯಿ ಕೊಟ್ಟಿದ್ದೆ. ತೆಳ್ಳಗಿನ ಪಾಲಿಯೆಸ್ಟರ್ ಬಟ್ಟೆ, ಮೇಲೆ ಬೆಳ್ಳಿ ಬಣ್ಣದ ಲೇಪ. ಪ್ಯಾಕೆಟ್ ಮೇಲೆ 190ಟಿ ಅಂತ ಬರೆದಿತ್ತು, ಅದು ಒಂದು ಇಂಚಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೇರಿ ಎಷ್ಟು ನೂಲು ಇದೆ ಅನ್ನೋ ಲೆಕ್ಕ, ದಪ್ಪದ ಲೆಕ್ಕ ಅಲ್ಲ, ನಾನು ದಪ್ಪ ಅಂದ್ಕೊಂಡೇ ತಂದಿದ್ದೆ. ಮೊದಲ ಮೂರು ತಿಂಗಳು ಚೆನ್ನಾಗೇ ಇತ್ತು, ಹಗುರ, ಅವ್ವ ಒಬ್ರೇ ಹಾಕ್ತಿದ್ರು. ಬೇಸಿಗೆ ಕಳೆಯೋ ಹೊತ್ತಿಗೆ ಲೇಪ ಬಿಟ್ಕೊಳ್ಳೋಕೆ ಶುರುವಾಯ್ತು. ಒಂದಿನ ಬೆಳಗ್ಗೆ ಕವರ್ ತೆಗೆದು ಬಾನೆಟ್ ಮೇಲೆ ಕೈ ಆಡಿಸ್ದೆ, ಅಂಗೈ ತುಂಬ ಬೂದು ಬಣ್ಣದ ಪುಡಿ, ಕೆಂಪು ಕಾರಾದ್ರಿಂದ ಎದ್ದು ಕಾಣ್ತಿತ್ತು, ವಿಭೂತಿ ಬಳಿದಂಗೆ. ನೀರು ಹಾಕಿದ್ರೆ ಹೋಗುತ್ತೆ ನಿಜ, ಆದ್ರೆ ಲೇಪ ಹೋದ್ಮೇಲೆ ಉಳಿಯೋದು ಬರೀ ತೆಳು ಬಟ್ಟೆ, ಬಿಸಿಲನ್ನೂ ತಡೆಯಲ್ಲ ಮಳೆನೂ ತಡೆಯಲ್ಲ. ಒಂದು ವರ್ಷ ಆಗೋಷ್ಟ್ರಲ್ಲಿ ಮಿರರ್ ಹತ್ರ ಹರೀತು.

ಅದಕ್ಕಿಂತ ದೊಡ್ಡ ನಷ್ಟ ನನಗೆ ತಡವಾಗಿ ಗೊತ್ತಾಗಿದ್ದು. ಸರ್ವಿಸ್ಗೆ ಬಿಟ್ಟಾಗ ಅಲ್ಲಿ ಪಾಲಿಶ್ ಮಾಡೋ ಹುಡುಗ ಟಾರ್ಚ್ ಹಾಕಿ ಬಾನೆಟ್ ತೋರಿಸ್ದ, ಕೂದಲೆಳೆಯಂಥ ಗೀರು ಸಾವಿರ, ಬೆಳಕಿನ ಸುತ್ತ ಬಳೆ ಬಳೆಯಾಗಿ ಕಾಣುತ್ತೆ. ಯಾರೂ ಬೇಕಂತ ಗೀಚಿದ್ದಲ್ಲ, ಧೂಳು ಕೂತಿರೋ ಕಾರಿನ ಮೇಲೆ ದಿನಾ ಕವರ್ ಎಳೆದೂ ಎಳೆದೂ ಆಗಿದ್ದು. ನಮ್ಮ ಕಡೆ ಧೂಳು ಬರೀ ಮಣ್ಣಲ್ಲ. ಕಬ್ಬು ಕಡಿದ್ಮೇಲೆ ತರಗು ಸುಡ್ತಾರಲ್ಲ, ಆಲೆಮನೆ ಹೊಗೆ ಬೇರೆ, ಸಂಜೆ ಆಯ್ತು ಅಂದ್ರೆ ಕರೀ ಬೂದಿ ಗಾಳೀಲಿ ತೇಲ್ಕೊಂಡು ಬಂದು ಒಣಗಾಕಿದ್ ಬಟ್ಟೆ ಮೇಲೆ, ಕಾರಿನ ಮೇಲೆ ಕೂರುತ್ತೆ. ಕಬ್ಬಿನ ಗರೀಲಿ ಸಿಲಿಕಾ ಇರುತ್ತೆ, ಗರಿ ಕೈ ಕೊಯ್ಯೋದು ಅದಕ್ಕೇ, ಸುಟ್ಟ್ರೂ ಸಿಲಿಕಾ ಎಲ್ಲೂ ಹೋಗಲ್ಲ, ಬೂದೀಲೇ ಉಳಿಯುತ್ತೆ. ಭತ್ತದ ಹೊಟ್ಟಿನದ್ದೂ ಅದೇ ಕಥೆ. ಅಂಥ ಬೂದಿ ಮೇಲೆ ಕವರ್ ಎಳೆಯೋದು ಅಂದ್ರೆ ಉಪ್ಪುಕಾಗದ ಹಾಕಿ ಉಜ್ಜಿದಂಗೇ. ಅವತ್ತಿಂದ ನಾನು ಕವರ್ ನೋಡೋ ರೀತಿನೇ ಬದಲಾಯ್ತು. ಅಂಗಡೀಲಿ ಎಲ್ರೂ ಕೇಳೋದು ‘ಮಳೆಗೆ ತಡೆಯುತ್ತಾ’ ಅಂತ, ಮಳೆಯಿಂದ ಬಣ್ಣಕ್ಕೆ ಏನೂ ಆಗಲ್ಲ ಸ್ವಾಮಿ, ಕಾರು ಮಳೇಲಿ ಓಡೋಕೇ ಮಾಡಿರೋದು. ಕೆಡ್ಸೋದು ಬಿಸಿಲು, ಹಕ್ಕಿ ಹಿಕ್ಕೆ, ಕವರ್ ಕೆಳಗಿನ ಧೂಳು, ಕವರ್ ಒಳಗಿನ ತೇವ.

ಟಾರ್ಪಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 2020ರ ಲಾಕ್‌ಡೌನಲ್ಲಿ ಕಾರು ನಿಂತೇ ಇತ್ತು, ಚಿಕ್ಕಪ್ಪ ಭತ್ತ ಒಣಗಿಸೋ ನೀಲಿ ಟಾರ್ಪಲ್ ಕೊಟ್ರು, ಹಗ್ಗ ಕಟ್ಟಿ ಮುಚ್ಚಿದ್ದೆ. ಗಾಳಿಗೆ ಪಟಪಟ ಅಂತ ಬಡ್ಕೊಂಡು ಬಡ್ಕೊಂಡು ಮೂಲೇಲಿರೋ ಅಲ್ಯೂಮಿನಿಯಂ ರಿಂಗು ಹಿಂದಿನ ಬಾಗಿಲಿಗೆ ಮೂರು ಕಡೆ ಬಣ್ಣ ಕಿತ್ತಿದೆ, ಇವತ್ತಿಗೂ ಇದೆ. ಪುಕ್ಕಟೆ ಸಿಗುತ್ತೆ ಅಂತ ದಯವಿಟ್ಟು ಟಾರ್ಪಲ್ ಹಾಕ್ಬೇಡಿ.

ಮೂರನೇದು ಮೂರು ಪದರದ ನಾನ್ ವೋವನ್ ಕವರ್, ಮುಟ್ಟಿದ್ರೆ ಬಟ್ಟೆ ಅಂಗಡಿ ಕೈಚೀಲದ ಥರ ಇರುತ್ತೆ. ಒಳಗೆ ಮೆತ್ತಗೆ, ಗಾಳಿನೂ ಆಡುತ್ತೆ, ಕೈಗೆ ಸಿಕ್ಕಾಗ ಇದೇ ಸರಿ ಅನ್ಸಿತ್ತು. ಆದ್ರೆ ಅದು ಪಾಲಿಪ್ರೊಪಿಲೀನ್, ಗೊಬ್ಬರದ ಚೀಲನೂ ಅದೇ. ಗೊಬ್ಬರದ ಚೀಲ ಹೊಲದಲ್ಲಿ ಬಿಸಿಲಿಗೆ ಬಿದ್ದಿದ್ರೆ ಏನಾಗುತ್ತೆ ಅಂತ ನಮ್ಮೂರೋರಿಗೆ ಹೇಳ್ಬೇಕಾ, ಎತ್ತೋಕೆ ಹೋದ್ರೆ ಎಳೆ ಎಳೆಯಾಗಿ ಉದುರುತ್ತೆ. ಇದೂ ಹಂಗೇ ಆಯ್ತು, ಎಂಟು ತಿಂಗಳಿಗೆ ಮೇಲ್ಛಾವಣಿ ಭಾಗದಲ್ಲಿ ಬೆರಳಿಟ್ರೆ ತೂತು. ಶೆಡ್ ಒಳಗೆ ಅಥವಾ ಬೇಸ್‌ಮೆಂಟಲ್ಲಿ ನಿಲ್ಸೋರಿಗೆ ಒಳ್ಳೇದು, ಬಯಲಿಗೆ ಬೇಡ.

ನಾಲ್ಕನೇದ್ರಲ್ಲಿ ಜಾಸ್ತಿ ಪೆಟ್ಟು ತಿಂದೆ. 3,400 ರೂಪಾಯಿ, ಹೊರಗೆ ರಬ್ಬರ್ ಥರದ ದಪ್ಪ ಪದರ, ಒಳಗೆ ಹತ್ತಿ, ನೂರಕ್ಕೆ ನೂರು ವಾಟರ್ ಪ್ರೂಫ್ ಅಂತ ದೊಡ್ಡಕ್ಷರದಲ್ಲಿ ಹಾಕಿದ್ರು. ಮೇಲೆ ಒಂದು ಚೊಂಬು ನೀರು ಹಾಕಿ ನೋಡ್ದೆ, ಹನಿ ಒಳಗೆ ಬರ್ಲಿಲ್ಲ, ಖುಷಿಯಾಯ್ತು. ಮೇ ತಿಂಗಳ ಗುಡುಗು ಮಳೆಗೆ ಮೊದಲ ಸಲ ಗೊತ್ತಾಯ್ತು, ಬಟ್ಟೇಲಿ ನೀರು ಇಳಿಯಲ್ಲ, ಹೊಲಿಗೆ ತೂತಲ್ಲಿ ಇಳಿಯುತ್ತೆ. ಹೊಲಿಗೆ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿರ್ಬೇಕು, ನನ್ನದಕ್ಕೆ ಇರ್ಲಿಲ್ಲ. ಇಳಿದ ನೀರನ್ನ ಹತ್ತಿ ಹೀರ್ಕೊಂಡು ಕೂರ್ತು, ಹೊರಗಿನ ಪದರ ಆವಿ ಹೋಗೋಕೂ ಬಿಡಲ್ಲ. ಮಳೆ ಇಲ್ದಿದ್ರೂ ಅಷ್ಟೆ. ನಾಲೇಲಿ ನೀರು ಬಿಟ್ಟು ಗದ್ದೆ ತುಂಬಿದ್ರೆ ನಮ್ಮ ಕಡೆ ಗಾಳಿಯೇ ಒದ್ದೆ, ಡಿಸೆಂಬರ್ ಇಬ್ಬನೀಲಿ ಬೆಳಗ್ಗೆ ಆರೂವರೆಗೆ ಕವರ್ ಎತ್ತಿದ್ರೆ ಗಾಜಿನ ಮೇಲೆ ನೀರು ಧಾರೆಯಾಗಿ ಇಳೀತಿತ್ತು, ಹೊರಗೆ ಒಂದು ಹನಿ ಮಳೆ ಇಲ್ಲ. ಊರಿಗೆ ಅಂತ ಹನ್ನೆರಡು ದಿನ ಹೋಗಿ ಬಂದು ಬಾಗಿಲು ತೆಗೆದ್ರೆ ಹಸಿ ಗೋಣಿ ವಾಸನೆ. ಸ್ಟೀರಿಂಗ್ ಮೇಲೆ, ಸೀಟ್ ಬೆಲ್ಟ್ ಮೇಲೆ ಬಿಳೀ ಬೂಷ್ಟು, ಬೆಲ್ಟ್ ಎಳೆದ್ರೆ ಬೆರಳಿಗೆ ಹಿಟ್ಟಿನ ಥರ ಅಂಟ್ತಿತ್ತು. ನಮ್ಮ ಮನೆಯವಳಿಗೆ ಧೂಳಾದ್ರೆ ಉಬ್ಬಸ ಬರುತ್ತೆ, ಅವಳು ಒಂದು ವಾರ ಕಾರು ಹತ್ತಲಿಲ್ಲ.

ಎದುರುಮನೆ ಮೇಷ್ಟ್ರು ನಾನು ಸೀಟು ಒರೆಸೋದನ್ನ ನೋಡಿ ಬಂದ್ರು. ‘ಏನಪ್ಪ, ಹಿಂಗ್ ಕಟ್ ಹಾಕ್ಬುಟ್ರೆ ಅದ್ಕೆ ಗಾಳಿ ಎಲ್ಲಿಂದ್ ಬಂದಾತು? ಬೆಲ್ಲದ್ ಪಿಂಡಿನೂ ಹಿಂಗ್ ಮುಚ್ಚಲ್ಲ ನಾವು. ಒಸಿ ಆಡಕ್ ಬುಡು’ ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಅದೇ ಕವರಿಂದ ಇಲಿ ಕಾಟನೂ ಶುರುವಾಗಿದ್ದು. ನೆಲದವರೆಗೂ ಬರೋ ದಪ್ಪ ಕವರ್ ಅಂದ್ರೆ ಇಲಿಗೆ ಕತ್ತಲೆ, ಬೆಚ್ಚಗೆ, ಬೆಕ್ಕಿನ ಭಯ ಇಲ್ಲ. ಗದ್ದೆ ಕುಯ್ದ ಮೇಲೆ ಅವು ಊರೊಳಗೆ ಬರ್ತವೆ. ಎಂಜಿನ್ ಮೇಲೆ ಭತ್ತದ ಹೊಟ್ಟು, ಕಚ್ಚಿದ ವೈರು, ರಿಪೇರಿಗೆ 3,200, ಕವರಿನ ರೇಟಷ್ಟೇ ಹೋಯ್ತು. ಕವರ್ ಯಾವುದೇ ಇರ್ಲಿ, ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡಿ.

ಐದನೇದು, ಕವರ್‌ಗಳಲ್ಲಿ ನನಗೆ ಇಷ್ಟ ಆಗಿದ್ದು. ದಪ್ಪ ಪಾಲಿಯೆಸ್ಟರ್, ತಿಳಿ ಬೂದು ಬಣ್ಣ, ಗಾಳಿ ಆಡೋ ಥರದ್ದು, ಮಿರರ್‌ಗೆ ಜೇಬು, ಹೊಟ್ಟೆ ಕೆಳಗೆ ಎರಡು ಬಕಲ್ ಪಟ್ಟಿ, 2,100 ರೂಪಾಯಿ. ಇದು ವಾಟರ್ ಪ್ರೂಫ್ ಅಲ್ಲ, ಅಂಗಡಿಯವರೂ ನೇರವಾಗೇ ಹೇಳಿದ್ರು. ಅರ್ಧ ಗಂಟೆ ಮಳೆ ತಡೆಯುತ್ತೆ, ಆಮೇಲೆ ಒಳಗೂ ಒದ್ದೆ. ಆದ್ರೆ ಮಳೆ ನಿಂತು ಎರಡು ಮೂರು ತಾಸು ಬಿಸಿಲು ಬಂದ್ರೆ ಕವರೂ ಒಣಗುತ್ತೆ ಕಾರೂ ಒಣಗುತ್ತೆ, ತೆಗೆಯೋದೇ ಬೇಡ. ಎರಡು ಮಳೆಗಾಲ ಕಳೀತು, ಬೂಷ್ಟು ಒಂದ್ಸಲನೂ ಬಂದಿಲ್ಲ. ಬಿಸಿಲಿಗೆ ಬಣ್ಣ ಸ್ವಲ್ಪ ಮಾಸಿದೆ, ಬಟ್ಟೆ ಹರಿದಿಲ್ಲ. ಬಕಲ್ ಇರೋದ್ರಿಂದ ಗಾಳಿಗೆ ಬಡ್ಕೊಳ್ಳಲ್ಲ, ಬಡ್ಕೊಳ್ಳದೇ ಇದ್ರೆ ಗೀರೂ ಕಮ್ಮಿ. ಅಂಗಡೀಲಿ ನೋಡೋಕೆ ಒಂದು ಸುಲಭದ ದಾರಿ ಇದೆ, ಬಟ್ಟೆನ ಬಾಯಿಗೆ ಒತ್ತಿ ಊದಿ, ಆ ಕಡೆ ಕೈ ಹಿಡಿದ್ರೆ ಉಸಿರು ತಾಕ್ಬೇಕು, ಸ್ವಲ್ಪವೂ ತಾಕಲಿಲ್ಲ ಅಂದ್ರೆ ತೇವ ಒಳಗೇ ಉಳಿಯುತ್ತೆ ಅಂತ ಲೆಕ್ಕ. ಒಳಭಾಗನ ಬಿಳೀ ಕರ್ಚೀಫಲ್ಲಿ ಉಜ್ಜಿ, ಬಣ್ಣ ಅಂಟಿದ್ರೆ ಬಿಟ್ಬಿಡಿ.

ಸೈಜಿನ ಬಗ್ಗೆ ಒಂದು ಮಾತು. ನನ್ನ ಸ್ವಿಫ್ಟ್ ಉದ್ದ 3.84 ಮೀಟರ್, ‘ಹ್ಯಾಚ್‌ಬ್ಯಾಕ್ ಎಲ್ಲಕ್ಕೂ ಆಗುತ್ತೆ’ ಅನ್ನೋ ಕವರ್ ಹಾಕಿದ್ರೆ ಎಲ್ಲೋ ಒಂದು ಕಡೆ ಜೋಲಾಡುತ್ತೆ, ಜೋಲಾಡೋ ಕಡೆ ಮಳೆ ನೀರು ನಿಲ್ಲುತ್ತೆ. ನಿಮ್ಮ ಮಾಡೆಲ್‌ಗೇ ಅಂತ ಹೊಲಿದಿರೋದನ್ನ ತಗೊಳ್ಳಿ. ಮೇಲಿರೋ ಆಂಟೆನಾ ತಿರುಗಿಸಿ ಬಿಚ್ಚಿಡಿ. ಮನೆಗೆ ಬಂದ ತಕ್ಷಣ ಕವರ್ ಹಾಕ್ಬೇಡಿ, ನನ್ನ ಕವರಲ್ಲಿ ಸೈಲೆನ್ಸರ್ ಹತ್ರ ಹೆಬ್ಬೆರಳಷ್ಟು ದೊಡ್ಡ ಸುಟ್ಟ ತೂತಿದೆ.

ಇನ್ನು ಬಿಸಿಲಿನ ವಿಷ್ಯ. ಏಪ್ರಿಲಲ್ಲಿ ರಜೆ ಇದ್ದಾಗ ನಾಲ್ಕು ದಿನ ಕೂತು ನೋಡ್ದೆ, ಗೋಡೆಗೆ ನೇತು ಹಾಕೋ ಥರ್ಮಾಮೀಟರ್ ಒಳಗಿನ ಮಿರರ್‌ಗೆ ಕಟ್ಟಿ, ಎಲ್ಲಾ ದಿನ ಮಧ್ಯಾಹ್ನ ಎರಡು ಗಂಟೆಗೆ. ಕವರ್ ಇಲ್ದೆ ನಿಲ್ಸಿದ ದಿನ ಅದು 50ರ ಗೆರೆ ಮುಟ್ಟಿ ಅಲ್ಲೇ ನಿಂತಿತ್ತು, ಅದಕ್ಕಿಂತ ಮೇಲೆ ಗೆರೆನೇ ಇಲ್ಲ ಅದ್ರಲ್ಲಿ. ದಪ್ಪ ವಾಟರ್ ಪ್ರೂಫ್ ಹಾಕಿದ ದಿನ 45, ಬೂದು ಪಾಲಿಯೆಸ್ಟರ್ ಹಾಕಿದ ದಿನ 42. ನಾಲ್ಕನೇ ದಿನ ಕವರ್ ಇಲ್ಲ, ಮೇಲೆ ನೆಟ್, ಕಿಟಕಿ ಎರಡು ಬೆರಳು ಇಳಿಸಿದ್ದೆ, 41. ನಾಲ್ಕು ದಿನದ ಬಿಸಿಲೂ ಒಂದೇ ಇರಲ್ಲ ಅಂತ ಗೊತ್ತು, ಆದ್ರೂ ಸ್ಟೀರಿಂಗ್ ಮುಟ್ಟೋಕೆ ಆಗುತ್ತೋ ಇಲ್ವೋ ಅನ್ನೋಷ್ಟು ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ಆ ನೆಟ್ಟೇ ನನ್ನ ಆರನೇದು. ಐಡಿಯಾ ಚಿಕ್ಕಪ್ಪಂದು, ಅವರು ಕಬ್ಬಿನ ಸಸಿ ಬೆಳೆಸೋಕೆ ಕಟ್ಟಿದ್ರಲ್ಲ ಹಸಿರು ಶೇಡ್ ನೆಟ್, ‘ಸಸಿಗೆ ಆಗೋದು ಕಾರ್ಗಾಗಲ್ವೇನ್ಲಾ’ ಅಂದ್ರು. ರೈತರ ಅಂಗಡೀಲಿ 50, 75, 90 ಪರ್ಸೆಂಟ್ ಅಂತ ಸಿಗುತ್ತೆ, ಅಷ್ಟು ಪಾಲು ಬಿಸಿಲು ತಡೆಯುತ್ತೆ ಅಂತ ಅರ್ಥ. ನಾನು 75 ಹಾಕಿದೀನಿ. 90 ಹಾಕಿದ್ರೆ ನೆರಳು ಜಾಸ್ತಿ, ಆದ್ರೆ ನೆಯ್ಗೆ ಒತ್ತಾಗಿರೋದ್ರಿಂದ ಗಾಳಿ ಹೊಡೆತನೂ ಜಾಸ್ತಿ. ಸೈಟಿನವರನ್ನ ಕೇಳಿ, ಅವರು ಮನೆ ಕಟ್ಟೋವಾಗ ಕಿತ್ತುಕೊಡ್ತೀನಿ ಅಂತ ಮಾತು ಕೊಟ್ಟು, ನಾಲ್ಕು ಕಬ್ಬಿಣದ ಪೈಪು ನೆಟ್ಟು, ಒಂದು ಕಡೆ ಇಳಿಜಾರು ಬಿಟ್ಟು ಕಟ್ಟಿದ್ದು. ಪೈಪು, ವೆಲ್ಡಿಂಗ್, ನೆಟ್ ಎಲ್ಲಾ ಸೇರಿ 6,800 ಆಯ್ತು. ಜಾಸ್ತಿನೇ, ಆದ್ರೆ ಮೊದಲ ನಾಲ್ಕು ವರ್ಷದಲ್ಲಿ ಕವರಿಗೆ ಸುರಿದ ದುಡ್ಡು ಕೂಡ್ಸಿದ್ರೆ ಅದಕ್ಕೂ ಮೀರುತ್ತೆ.

ನೆಟ್ಟಿಂದ ನನಗಾದ ದೊಡ್ಡ ಉಪಕಾರ ಅಂದ್ರೆ ಕಾರನ್ನ ಯಾವುದೂ ಮುಟ್ಟಲ್ಲ. ಉಜ್ಜಲ್ಲ, ತೇವ ಹಿಡಿಯಲ್ಲ, ಬೆಳಗ್ಗೆ ಆರೇಳು ನಿಮಿಷ ಕವರ್ ಮಡಚೋ ಕೆಲ್ಸ ಇಲ್ಲ. ದಿನಾ ಮೈಸೂರಿಗೆ ಓಡಾಡೋನು ನಾನು, ಆ ಆರೇಳು ನಿಮಿಷಕ್ಕೆ ಬೇಜಾರಾಗಿ ವಾರಕ್ಕೆ ಮೂರು ದಿನ ಕವರ್ ಹಾಕ್ತಾನೇ ಇರ್ಲಿಲ್ಲ. ಧೂಳು, ಬೂದಿ ಕೂರುತ್ತೆ, ಹೌದು. ಎರಡು ದಿನಕ್ಕೊಂದ್ಸಲ ಪೈಪಲ್ಲಿ ನೀರು ಬಿಟ್ಟು ಇಳಿಸ್ತೀನಿ, ಒಣ ಬಟ್ಟೆ ಮುಟ್ಸೋದೇ ಇಲ್ಲ. ಕಳೆದ ಮೇ ಬಿರುಗಾಳೀಲಿ ಒಂದು ಮೂಲೆ ಕಿತ್ತು ಬಂತು, ಗೋಣಿ ದಾರ ಹಾಕಿ ಹೊಲಿದೆ, ಈಗ ಒಂದೊಂದು ಅಡಿಗೂ ಕಟ್ಟಿದೀನಿ.

ಆದ್ರೆ ನೆಟ್ ಎಲ್ರಿಗೂ ಆಗಲ್ಲ. ನಮ್ಮ ಭಾವ ಮೈಸೂರಿನ ಕುವೆಂಪುನಗರದಲ್ಲಿ ಇರೋದು, ಕಾರು ನಿಲ್ಲೋದು ರಸ್ತೇಲಿ, ಹೊಂಗೆ ಮರದ ಕೆಳಗೆ. ರಸ್ತೇಲಿ ಕಂಬ ನೆಡೋ ಹಾಗಿಲ್ಲ, ನೆಟ್ಟ್ರೂ ಅವರ ಕಷ್ಟ ಬಿಸಿಲಲ್ಲ, ಕಾಗೆ. ಹಕ್ಕಿ ಹಿಕ್ಕೇಲಿ ಯೂರಿಕ್ ಆಸಿಡ್ ಇರುತ್ತೆ, ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟ್ (ಬಣ್ಣದ ಮೇಲಿರೋ ಗಾಜಿನಂಥ ಲೇಪ) ಮೇಲೆ ಬಿದ್ದು ಒಣಗಿದ್ರೆ ಅದರ ಅಚ್ಚು ಅಲ್ಲೇ ಉಳಿಯುತ್ತೆ, ಕೆಲವು ಸಲ ಪಾಲಿಶ್ ಮಾಡಿದ್ರೂ ಪೂರ್ತಿ ಹೋಗಲ್ಲ. ನೆಟ್ಟಲ್ಲಿ ಅದು ಸೋರ್ಕೊಂಡು ಇಳಿಯುತ್ತೆ. ಮರದ ಎಲೆ ಮೇಲಿನ ಹೇನು ಹುಳು ಉದುರಿಸೋ ಅಂಟು ಬೇರೆ. ಅವರು ಓಡ್ಸೋದು ವಾರಕ್ಕೊಂದ್ಸಲ. ಹಾಗಾಗಿ ನನ್ನ ಬೂದು ಪಾಲಿಯೆಸ್ಟರ್ ಕವರ್ ಅವರಿಗೇ ಕೊಟ್ಟೆ, ಅವರದ್ದೂ ಅದೇ ಮಾಡೆಲ್ ಸ್ವಿಫ್ಟ್. ಹಾಕೋ ಮುಂಚೆ ನೀರು ಬಿಟ್ಟು ಧೂಳು ತೆಗೀರಿ, ಕಾರು ಒಣಗಿದ್ಮೇಲೆ ಹಾಕಿ, ಮೇಲ್ಛಾವಣಿ ಮೇಲೆ ಇಟ್ಟು ಎರಡೂ ಕಡೆ ಬಿಡಿಸ್ಕೊಂಡು ಬನ್ನಿ, ಮುಂದಿಂದ ಹಿಂದಕ್ಕೆ ಎಳೀಬೇಡಿ ಅಂತ ಹೇಳಿದೀನಿ. ಮುಂಭಾಗ ಯಾವುದು ಅಂತ ಗೊತ್ತಾಗ್ಲಿ ಅಂತ ಅಂಚಿಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೀನಿ. ಹಿಕ್ಕೆ ಬಿದ್ದಿದ್ರೆ ಕೆರೀಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿಟ್ಟು ಎತ್ಕೊಳ್ಳಿ ಅಂತಾನೂ ಹೇಳಿದೀನಿ.

ಮೊನ್ನೆ ಭಾವ ಫೋನ್ ಮಾಡಿದ್ರು, ಕಾರು ಚೆನ್ನಾಗಿದೆ, ಆದ್ರೆ ಹಿಂದಿನ ಬಕಲ್ ಮುರೀತು, ಹೊಸ ಕವರ್ ತಗೊಳ್ಲಾ ಅಂತ. ಬೇಡ ಅಂದೆ. ಪೇಟೆ ಬೀದೀಲಿ ಸ್ಕೂಲ್ ಬ್ಯಾಗ್ ಹೊಲಿಯೋರು ಅಂಥದ್ದೇ ಬಕಲ್ 40 ರೂಪಾಯಿಗೆ ಹಾಕಿಕೊಡ್ತಾರೆ, ಭಾನುವಾರ ಅಕ್ಕನ ಮನೆಗೆ ಹೋಗೋವಾಗ ಒಂದು ಬಕಲ್, ಒಂದು ಮೊಳ ಪಟ್ಟಿ ತಗೊಂಡು ಹೋಗ್ತಿದೀನಿ.