ಹಳೆಯ ಪೆನ್ಸಿಲ್ ಚಿತ್ರಕ್ಕೆ ಫ್ರೇಮ್ ಹಾಕಿಸುವವರು ಇದನ್ನು ಓದಿ

ಇಂಗ್ಲೆಂಡಿನ ಹರಾಜುಗಳಲ್ಲಿ ಹಳೆಯ ಕಟ್ಟಡಗಳ ಪೆನ್ಸಿಲ್ ಚಿತ್ರ ಕೊಳ್ಳುವ ಕನ್ನಡಿಗರಿಗೆ ಈ ಮಾತು. ಚಿತ್ರವನ್ನು ಫ್ರೇಮ್ ಅಂಗಡಿಗೆ ಕೊಡುವ ಮುನ್ನ ನೂರು ಸಲ ಯೋಚಿಸಿ. ನನ್ನದು ಹಾಳಾಗಿದೆ, ಇನ್ನು ಸರಿಹೋಗುವುದಿಲ್ಲ.

ಅದು ವಿಲ್ಟ್‌ಶೈರ್ ಜಿಲ್ಲೆಯ ಒಂದು ಹಳ್ಳಿ ಚರ್ಚಿನ ಚಿತ್ರ. ಸಹಿ ಇರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದರೆ ‘ಜೆ ವಾಟ್‌ಮನ್ 1811’ ಎಂಬ ವಾಟರ್‌ಮಾರ್ಕ್ (ಕಾಗದ ತಯಾರಕರು ಹಾಳೆಯೊಳಗೇ ಮೂಡಿಸುವ ಗುರುತು) ಕಾಣುತ್ತಿತ್ತು. ಕೆಳಗಿನ ಅಂಚಿನಲ್ಲಿ ಕಲಾವಿದ ಕಿಟಕಿಯ ಅಳತೆ, ಮಾಡಿನ ಸೀಸದ ಹೊದಿಕೆ, ತಾರೀಖು ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಗುರುತು ಹಾಕಿಕೊಂಡಿದ್ದ. ಜಿಲ್ಲೆಯ ಹೆಸರು ಸ್ಪಷ್ಟವಾಗಿತ್ತು. ಊರಿನ ಹೆಸರು ಮಾತ್ರ ಮಾಸಿತ್ತು, ಅದನ್ನು ಓದಿಸುವ ಪ್ರಯತ್ನದಲ್ಲಿದ್ದೆ.

ಅಂಚಿನ ಆ ಬರಹಕ್ಕೆ ಅಷ್ಟು ಬೆಲೆ ಏಕೆ ಎಂದರೆ, ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದ ಭರಾಟೆಯಲ್ಲಿ ಇಂಗ್ಲೆಂಡಿನ ಚರ್ಚುಗಳ ಹಳೆಯ ಕಿಟಕಿ, ಗ್ಯಾಲರಿ, ಗಾರೆಗಳನ್ನು ಕಿತ್ತು ಹಾಕಿದರು. ಅದನ್ನು ಪ್ರತಿಭಟಿಸಿಯೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಅದಕ್ಕೂ ಮೊದಲೇ ಜಾನ್ ಬಕ್ಲರ್ (1770–1851) ಅವರಂಥ ಸ್ಥಳಚಿತ್ರಕಾರರು ಊರೂರು ತಿರುಗಿ ಬರೆದಿಟ್ಟ ಚಿತ್ರಗಳಿಂದಲೇ ಎಷ್ಟೋ ಚರ್ಚುಗಳ ಮೂಲ ರೂಪ ನಮಗೆ ತಿಳಿಯುತ್ತದೆ. ಯಾವ ಊರು, ಯಾವ ವರ್ಷ ಎಂಬುದು ಅಳಿಸಿಹೋದರೆ ಅಂಥ ಚಿತ್ರ ಸಾಕ್ಷಿ ಹೇಳುವುದಾದರೂ ಯಾವುದಕ್ಕೆ?

ಅಂಚು ಮುಟ್ಟಬೇಡಿ ಎಂದು ಚೀಟಿಯಲ್ಲಿ ಬರೆದೇ ಅಂಗಡಿಗೆ ಕೊಟ್ಟಿದ್ದೆ. ಅವರು ಸಿದ್ಧ ಫ್ರೇಮಿನ ಅಳತೆಗೆ ಹೊಂದಿಸಲು ಕೆಳಗಿನ ಅಂಚನ್ನೇ ಕತ್ತರಿಸಿದ್ದಾರೆ. ಆಕಾಶದ ಭಾಗವನ್ನು ‘ಕೊಳೆ’ ಎಂದು ರಬ್ಬರಿನಿಂದ ಉಜ್ಜಿದ್ದಾರೆ. ಗೋಪುರದ ತುದಿಯ ನವಿರಾದ ಗೆರೆಗಳು ಅದರೊಂದಿಗೇ ಹೋಗಿವೆ, ಅಲ್ಲಿ ಕಾಗದದ ಎಳೆಗಳು ಎದ್ದು ನಿಂತಿವೆ. ಸಾಲದ್ದಕ್ಕೆ ಇಡೀ ಹಾಳೆಯನ್ನು ಬಿಸಿ ಅಂಟಿನಿಂದ ರಟ್ಟಿಗೆ ಮೆತ್ತಿದ್ದಾರೆ. ಇನ್ನು ವಾಟರ್‌ಮಾರ್ಕ್ ನೋಡುವ ದಾರಿಯೂ ಇಲ್ಲ. ಕತ್ತರಿಸಿದ ಪಟ್ಟಿ ಎಲ್ಲಿ ಎಂದು ಕೇಳಿದರೆ ಕಸಕ್ಕೆ ಹೋಯಿತಂತೆ! ಫ್ರೇಮಿನ ಹಣ ವಾಪಸ್ ಕೊಡುತ್ತೇವೆ ಎಂದರು. ಕಸಕ್ಕೆ ಹೋದ ಊರಿನ ಹೆಸರನ್ನು ಯಾರು ವಾಪಸ್ ಕೊಡುತ್ತಾರೆ? ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನೀವು ಕೊಡುವುದಾದರೆ ಹಾಳೆಯ ಎರಡೂ ಬದಿಯ ಫೋಟೊವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದುಕೊಳ್ಳಿ, ಅಂಚಿನ ಬರಹವನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಕತ್ತರಿಸುವುದಿಲ್ಲ, ಉಜ್ಜುವುದಿಲ್ಲ, ಇಡೀ ಹಾಳೆಯನ್ನು ರಟ್ಟಿಗೆ ಅಂಟಿಸುವುದಿಲ್ಲ ಎಂದು ಅಂಗಡಿಯವರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಆಮ್ಲರಹಿತ ಮೌಂಟ್ (ಫ್ರೇಮಿನೊಳಗೆ ಚಿತ್ರಕ್ಕೆ ಆಸರೆಯಾಗುವ ರಟ್ಟು), ಹಾಳೆಯನ್ನು ಅದಕ್ಕೆ ಹಿಡಿದಿಡಲು ಜಪಾನಿ ಕಾಗದದ ಸಣ್ಣ ಪಟ್ಟಿಗಳು, ಆ ಪಟ್ಟಿಗಳಿಗೆ ಗೋಧಿ ಪಿಷ್ಟದ ಅಂಟು ಇದ್ದರೆ ಸಾಕು. ಮುಂದೆ ನೀರು ತಾಗಿಸಿ ಬಿಡಿಸಬಹುದು. ಗಾಜು ಚಿತ್ರಕ್ಕೆ ತಾಗಕೂಡದು. ಇಷ್ಟು ಹೇಳಿದಾಗ ಮುಖ ಸಿಂಡರಿಸುವ ಅಂಗಡಿಯಿಂದ ಚಿತ್ರ ಎತ್ತಿಕೊಂಡು ಹೊರಬನ್ನಿ.

ಈಗಾಗಲೇ ರಟ್ಟಿಗೆ ಅಂಟಿಸಿದ ಚಿತ್ರ ನಿಮ್ಮಲ್ಲಿದ್ದರೆ ಎಳೆದು ಕೀಳಲು ಹೋಗಬೇಡಿ, ಕಾಗದ ಪದರವಾಗಿ ಸೀಳುತ್ತದೆ. ಇದ್ದ ಹಾಗೆಯೇ ಕಾಗದ ಸಂರಕ್ಷಣಾ ತಜ್ಞರ ಬಳಿಗೆ ಒಯ್ಯಿರಿ.